ಮೇಸ್ತ್ರಿಯನ್ನು ಬೆಟ್ಟ ಹತ್ತಿಸಿದ್ದು

ಬೆಟ್ಟಗಳನ್ನು ಎತ್ತಿ ನಿಲ್ಲಿಸಿ, ಅವುಗಳ ತುದಿಯಲ್ಲಿ ತಾನೂ ಕಲ್ಲಾಗಿ ನಿಂತು, ಏದುಸಿರು ಬಿಡುತ್ತ ಬಂದವರನ್ನೆಲ್ಲ ಸುಮ್ಮನೆ ನೋಡುವ ತಿಮ್ಮಪ್ಪನಿಗೆ ಮೊದಲ ನಮಸ್ಕಾರ. ಅವನ ಕಣ್ಣಿಗೆ ಯಾರೂ ಸಣ್ಣವರಲ್ಲ. ನನ್ನ ಕ್ಯಾಮೆರಾದ ಕಣ್ಣು ಅಷ್ಟು ಪಳಗಿದ್ದಲ್ಲ; ಅದರ ತಪ್ಪುಗಳನ್ನು ಅವನೇ ಹೊಟ್ಟೆಗೆ ಹಾಕಿಕೊಳ್ಳಲಿ.

ಕತ್ತಿಗೆ ಕ್ಯಾಮೆರಾ ನೇತುಹಾಕಿಕೊಂಡವನಿಗೆ ಇಂಥವು ಆಗುತ್ತಲೇ ಇರುತ್ತವೆ. ಎಂಬತ್ತರ ದಶಕದಲ್ಲಿ ಚಿನ್ನದ ಗಣಿಗಳ ಮಗ್ಗುಲಿನ ಆಂಡರ್ಸನ್‌ಪೇಟೆಯಲ್ಲಿ ನನ್ನದೊಂದು ಸ್ಟುಡಿಯೋ ಇತ್ತು. ಗಣಿ ಕೆಲಸಕ್ಕೆ ಸೇರುವವರ ಪಾಸಿಗೆ ಚಿತ್ರ ತೆಗೆಯುತ್ತಿದ್ದೆ, ಮದುವೆಗಳಿಗೆ ಹೋಗುತ್ತಿದ್ದೆ, ಇವೆರಡಕ್ಕಿಂತ ಹೆಚ್ಚಾಗಿ ಸಾವಿನ ಮನೆಗಳಿಗೆ ಹೋಗುತ್ತಿದ್ದೆ. ನಮ್ಮ ಕಡೆ ಸತ್ತವರನ್ನು ಕುರ್ಚಿಯಲ್ಲಿ ಕೂರಿಸಿ, ಹಾರ ಹಾಕಿ, ಮನೆಯವರೆಲ್ಲ ಸುತ್ತ ನಿಂತು ಒಂದು ಚಿತ್ರ ತೆಗೆಸುವ ಪದ್ಧತಿ. ಬದುಕಿರುವಾಗ ಅದಕ್ಕೆ ಯಾರಿಗೂ ಪುರುಸೊತ್ತು ಸಿಗುತ್ತಿರಲಿಲ್ಲ. ಹೀಗೆ ಅಲ್ಲಾಡದವರನ್ನೇ ತೆಗೆದು ತೆಗೆದು ನನ್ನೊಳಗೊಂದು ಆಸೆ ಹುಟ್ಟಿತ್ತು. ಒಂದು ಸಲವಾದರೂ ಕಾಡುಬೆಟ್ಟಗಳ ಚಿತ್ರ ತೆಗೆಯಬೇಕು. ಬೆಟ್ಟವೂ ಅಲ್ಲಾಡುವುದಿಲ್ಲ, ನಿಜ. ಆದರೆ ಅದರ ಸುತ್ತ ನಿಂತು ಯಾರೂ ಅಳುವುದಿಲ್ಲವಲ್ಲ.

ಬಟ್ಟೆಯ ಬೆಟ್ಟ

ಆ ವರ್ಷ ದಸರಾ ಮುಗಿದ ವಾರ ಚಾಂಪಿಯನ್ ರೀಫ್ಸ್ ಗಣಿಯ ಕಡೆಯ ಕೂಲಿಗಳ ಲೈನ್‌ಮನೆಯಿಂದ ಒಬ್ಬ ಮೇಸ್ತ್ರಿ ಹೆಂಡತಿಯ ಜೊತೆ ಬಂದರು. ಮೂವತ್ತು ವರ್ಷ ಗಣಿಗೆ ಇಳಿದವರು, ಎದೆಯಲ್ಲಿ ಕಲ್ಲಿನ ಧೂಳು ತುಂಬಿಕೊಂಡು ಆಗಷ್ಟೇ ಕೆಲಸ ಬಿಟ್ಟಿದ್ದರು. ನಾಲ್ಕು ಮಾತಿಗೊಮ್ಮೆ ಕೆಮ್ಮು. ಕೆಮ್ಮು ನಿಲ್ಲುವವರೆಗೆ ಹೆಂಡತಿಯೇ ಮಾತು ಮುಂದುವರಿಸುವಳು.

"ಇವರದೊಂದು ಪಟ ಬೇಕು ಸಾಮಿ. ಮನೇಲಿ ಒಂದೂ ಇಲ್ಲ. ಇದ್ದಿದ್ದೊಂದು ಪಾಸಿನ ಮೇಲಿತ್ತು. ಕೆಲಸ ಬಿಟ್ಟ ದಿನ ಪಾಸೂ ಈಸ್ಕೊಂಡ್ಬಿಟ್ರು."

ನಾನು ಹಿಂದಿನ ಪರದೆ ಎಳೆದೆ. ಹಿಮದ ಬೆಟ್ಟಗಳು, ಕೆಳಗೊಂದು ಕೊಳ, ಕೊಳದ ದಡದಲ್ಲಿ ಬೆಟ್ಟಕ್ಕಿಂತ ದೊಡ್ಡದೊಂದು ಗುಲಾಬಿ ಗಿಡ. ಬಂಗಾರಪೇಟೆಯಲ್ಲಿ ಸಿನಿಮಾ ಬೋರ್ಡು ಬರೆಯುತ್ತಿದ್ದವನ ಕೈಯಲ್ಲಿ ಬರೆಸಿದ್ದು. ಮೇಸ್ತ್ರಿ ಹತ್ತಿರ ಹೋಗಿ ಬೆಟ್ಟವನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿ ನೋಡಿದರು.

"ಇದು ಬಟ್ಟೆ."

"ಹೌದು ಮೇಸ್ತ್ರಿ, ಎಲ್ಲರೂ ಇದರ ಮುಂದೆಯೇ ಕೂರೋದು."

"ಬಟ್ಟೆ ಮುಂದೆ ಕೂತು ಬೆಟ್ಟ ಅಂತ ಸುಳ್ಳು ಯೇಳ್ಬೇಕಾ ಸಾಮಿ? ಮೂವತ್ತು ವರ್ಷ ಕೆಳಕ್ಕೇ ಓಗಿದೀನಿ. ಈ ಚಳಿ ದಾಟಿದ್ರೆ ನೋಡಾನ ಅಂತ ಡಾಕ್ಟ್ರು ಅಂದವ್ರೆ. ಒಂದ್ಸಲ ನಿಜವಾದ ಬೆಟ್ಟದ ಮೇಲೆ ನಿಂತ್ಕೋಬೇಕು. ನಿಂತಿದ್ದೆ ಅಂತ ಇವಳ ಅತ್ರ ಒಂದು ಪಟ ಇರ್ಬೇಕು. ಅಷ್ಟೇಯ."

"ಮಂಚದಿಂದ ಏಳಕ್ಕೆ ಉಸಿರಿಲ್ಲ, ಬೆಟ್ಟ ಏರ್ತಾರಂತೆ!" ಎಂದು ಹೆಂಡತಿ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಬೇಡವೆಂದು ಮಾತ್ರ ಹೇಳಲಿಲ್ಲ.

ಅವರಿಗೂ ಬೆಟ್ಟ ಬೇಕು, ನನಗೂ ಬೇಕು. ಇದು ತಿಮ್ಮಪ್ಪನ ಅಪ್ಪಣೆಯೇ ಎಂದುಕೊಂಡೆ. ಸ್ವಂತ ಆಸೆಗೆ ದೇವರ ಹೆಸರಿಡುವ ಅಭ್ಯಾಸ ನಮ್ಮಂಥ ಭಕ್ತರಿಗೆ ಸ್ವಲ್ಪ ಜಾಸ್ತಿ. ಬೂದಿಕೋಟೆಯಿಂದಾಚೆ, ಆಂಧ್ರದ ಗಡಿಗೆ ತಾಗಿದಂತೆ ಒಂದು ಕಲ್ಲುಬೆಟ್ಟವಿದೆ. ತೀರ ಎತ್ತರದ್ದಲ್ಲ, ನಿಧಾನವಾಗಿ ಹತ್ತಿದರೆ ಆದೀತು. ಮೂರು ದಿನದ ಪ್ರಯಾಣ ಗೊತ್ತು ಮಾಡಿದೆ. ಆದರೂ ಒಂದು ಮಾತು ಕೇಳಿಡೋಣವೆಂದು, "ಮೇಸ್ತ್ರಿ, ಇದುವರೆಗೆ ನೀವು ಹತ್ತಿರುವುದರಲ್ಲಿ ಎತ್ತರವಾದದ್ದು ಯಾವುದು?" ಎಂದೆ.

ಅವರು ಬಹಳ ಹೊತ್ತು ಯೋಚಿಸಿದರು. "ನಮ್ಮ ಮಾರಮ್ಮನ ಗುಡಿ. ಮೂರು ಮೆಟ್ಲು."

"ಎರಡು," ಎಂದಳು ಹೆಂಡತಿ. "ಮೂರ್ನೇದು ಒಡೆದೋಗೈತೆ."

ಯಾರ ಮನೆಯಲ್ಲಿ?

ಹೊರಡುವ ದಿನ ಬೆಳಿಗ್ಗೆ ಪೂಜೆ ಮುಗಿಸಿ, ಹಣೆಗೆ ನಾಮವಿಟ್ಟು, ಕ್ಯಾಮೆರಾ ನೇತುಹಾಕಿಕೊಂಡು ಮೇಸ್ತ್ರಿಯ ಜೊತೆ ಬಸ್ಸಿಗೆ ಹೊರಟೆ. ನಾನು ಕ್ಯಾಮೆರಾ ಹೊತ್ತು ಬೀದಿಗಿಳಿದರೆ ಆಂಡರ್ಸನ್‌ಪೇಟೆ ಒಂದು ಕ್ಷಣ ಕೆಲಸ ನಿಲ್ಲಿಸುತ್ತಿತ್ತು. ಹೋಟೆಲಿನವನು ದೋಸೆ ಹೊಯ್ಯುವ ಸೌಟು ಎತ್ತಿ ಹಿಡಿದು, "ಯಾರು ಸಾಮಿ ಓದ್ರು?" ಎಂದ. ಯಾರೂ ಇಲ್ಲವಪ್ಪ ಎಂದೆ. ನಂಬಲಿಲ್ಲ. ಮನೆಯವರು ಇನ್ನೂ ಹೊರಗೆ ಹೇಳಿಲ್ಲವೆಂದುಕೊಂಡು ತಲೆ ತಗ್ಗಿಸಿ ಕೈಮುಗಿದ. ದರ್ಜಿ ಹೊಲಿಗೆ ನಿಲ್ಲಿಸಿ ಎದ್ದು ನಿಂತ.

ಬಸ್ಸು ನಿಲ್ಲುವ ಕಡೆ ಹೂ ಮಾರುವ ತಮಿಳಮ್ಮ ಕೂರುತ್ತಿದ್ದಳು. ದೂರದಿಂದಲೇ ನನ್ನನ್ನು ಕಂಡು ಚೆಂಡುಹೂವಿನ ಬುಟ್ಟಿ ಮುಂದಕ್ಕೆಳೆದುಕೊಂಡಳು. "ಯಾರ್ ವೀಟ್ಲ ಸಾಮಿ? ದೊಡ್ಡ ಹಾರ ಕಟ್ಲಾ, ಸಣ್ಣದು ಸಾಕಾ?"

ಯಾರ ಮನೆಯಲ್ಲೂ ಏನೂ ಆಗಿಲ್ಲ ತಾಯಿ, ಬೆಟ್ಟಕ್ಕೆ ಹೊರಟಿದ್ದೇವೆ ಎಂದೆ. "ಬೆಟ್ಟದ ಮೇಲೆ ಓಗಿ ಸತ್ರಾ?" ಎಂದು ಅವಳು ಬಾಯಿಗೆ ಕೈ ಅಡ್ಡ ಹಿಡಿದಳು.

ಮೇಸ್ತ್ರಿ ಕೆಮ್ಮು ತಡೆದುಕೊಂಡು ಮುಂದೆ ಬಂದರು. "ನಂದೇ ಕಣಮ್ಮಾ. ಆಮೇಲೆ ಜನ ಸೇರಿ ಗಲಾಟೆ ಆಯ್ತದೆ ಅಂತ ಮುಂಚೇನೇ ಓಗಿ ತೆಗೆಸ್ಕೊಂಡು ಬತ್ತಿದೀನಿ."

ಅವಳು ಅವರನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಕತ್ತು, ಭುಜ, ಬಟ್ಟೆ ಒಣಹಾಕಿದಂತಿದ್ದ ಎದೆ. ವೃತ್ತಿಯವಳ ನೋಟ. ಆಮೇಲೆ ಬುಟ್ಟಿ ಹಿಂದಕ್ಕೆ ತಳ್ಳಿ ಹೇಳಿದಳು: "ನಿನಗಾದ್ರೆ ಸಣ್ಣದೇ ಸಾಕು ಬಿಡಣ್ಣಾ."

ಬೆಳಕು ತಾಗಬಾರದ ವಸ್ತು

ನನ್ನ ಚೀಲದಲ್ಲಿ ಫಿಲಂ ರೋಲು ಎರಡು. ಒಂದು ಕ್ಯಾಮೆರಾದೊಳಗೆ, ಇನ್ನೊಂದು ಬೆಳ್ಳಿಕಾಗದ ಸುತ್ತಿದ ಹಾಗೇ ಡಬ್ಬಿಯಲ್ಲಿ. ಒಂದು ರೋಲಿಗೆ ಹನ್ನೆರಡು ಚಿತ್ರ. ಇಪ್ಪತ್ತುಮೂರು ಬೆಟ್ಟಕ್ಕೆ, ಒಂದು ಮೇಸ್ತ್ರಿಗೆ ಎಂದು ಮನಸ್ಸಿನಲ್ಲೇ ಹಂಚಿಟ್ಟಿದ್ದೆ. ನನ್ನ ಭಾಗ ಸ್ವಲ್ಪ ಹೆಚ್ಚಾಯಿತೇನೋ ಎಂದು ಆಗ ಅನ್ನಿಸಲಿಲ್ಲ.

ಗಣಿಸೀಮೆ ದಾಟುವ ಕಡೆ ಒಂದು ತಪಾಸಣೆ ಗೇಟು. ಯಾರಾದರೂ ಚಿನ್ನದ ಕಲ್ಲು ಒಯ್ಯುತ್ತಿದ್ದಾರೆಯೇ ಎಂದು ಆಗಾಗ ಬಸ್ಸು ಹತ್ತಿ ನೋಡುತ್ತಿದ್ದರು. ಅವತ್ತು ಹತ್ತಿದ ಕಾವಲಿನವನು ಹೊಸಬ, ದೊಡ್ಡ ಮೀಸೆ. ಅವನು ಇನ್ನೂ ನಮ್ಮ ಸೀಟಿನ ಹತ್ತಿರ ಬಂದಿರಲಿಲ್ಲ, ಮೇಸ್ತ್ರಿ ತಾವಾಗಿಯೇ ಎದ್ದು ಎರಡೂ ಕೈ ಎತ್ತಿ, ಬಾಯಿ ತೆರೆದು, ನಾಲಿಗೆ ಮೇಲಕ್ಕೆತ್ತಿ ತೋರಿಸಿದರು. ಮೂವತ್ತು ವರ್ಷ ದಿನಾ ಶಿಫ್ಟು ಮುಗಿದಾಗ ಹಾಗೇ ತೋರಿಸಿದ್ದವರು. ಬಾಯಿ ಮುಚ್ಚಲು ನಾನೇ ಹೇಳಬೇಕಾಯಿತು.

ಕಾವಲಿನವನ ಕೈ ನನ್ನ ಚೀಲಕ್ಕೆ ಇಳಿದು ಬೆಳ್ಳಿಕಾಗದದ ಉಂಡೆ ಎತ್ತಿತು.

"ಏನಿದು?"

"ಫಿಲಂ ಅಪ್ಪಾ. ತೆರೀಬೇಡ. ಅದಕ್ಕೆ ಬೆಳಕು ತಾಗಬಾರದು."

ಅವನ ಮೀಸೆ ನೆಟ್ಟಗಾಯಿತು. "ಬೆಳಕು ತಾಗಬಾರದಂಥದ್ದು ಏನಿಟ್ಟಿದೀಯಾ ಇದರಲ್ಲಿ?"

ನಮ್ಮೂರಿನಲ್ಲಿ ಬೆಳಕಿಗೆ ಬರಬಾರದ ವಸ್ತು ಎಂದರೆ ಒಂದೇ. ಬಸ್ಸಿನವರೆಲ್ಲ ಎದ್ದು ನಿಂತರು. ಅವನು ಬೆಳ್ಳಿಕಾಗದ ಹರಿದ, ಒಳಗಿನ ಕಾಗದ ಬಿಚ್ಚಿದ, ಅದರೊಳಗಿನ ಫಿಲಂ ಎಳೆದ. ತುದಿ ಹಿಡಿದುಕೊಳ್ಳಲು ಹಿಂದಿನ ಸೀಟಿನವನಿಗೆ ಕೊಟ್ಟ. ಶರತ್ಕಾಲದ ಬಿಸಿಲು, ಮಳೆ ತೊಳೆದ ಆಕಾಶ. ಕಿಟಕಿಯಿಂದ ಬಂದ ಬೆಳಕಿನಲ್ಲಿ ಪೂರಾ ಫಿಲಂ ಹಿಡಿದು ಆ ತುದಿಯಿಂದ ಈ ತುದಿಗೆ ಹುಡುಕಿದರು.

"ಏನೂ ಇಲ್ಲವಲ್ರೀ ಇದರಲ್ಲಿ," ಎಂದ ಅವನು, ನಿರಾಸೆಯಿಂದ.

"ಈಗ ನಿಜವಾಗಿಯೂ ಏನೂ ಇಲ್ಲಪ್ಪ," ಎಂದೆ.

"ಗಣಿ ಗೇಟಲ್ಲಿ ನನ್ನ ಟಿಫಿನ್ ಡಬ್ಬಿ ನೋಡ್ತಿದ್ರು, ಕೂದ್ಲು ನೋಡ್ತಿದ್ರು," ಎಂದರು ಮೇಸ್ತ್ರಿ. "ಅವರೂ ಇಂಗೇ ಬೇಜಾರು ಮಾಡ್ಕೊಂತಿದ್ರು."

ಅವನ ಕಣ್ಣು ಕ್ಯಾಮೆರಾದ ಮೇಲೆ ಬಿತ್ತು. ಹನ್ನೆರಡಕ್ಕೆ ಹನ್ನೆರಡೂ ಹೋಗುವ ಹೊತ್ತು. ನರಸಿಂಹಸ್ವಾಮಿಯನ್ನು ನೆನೆದೆ, ತಕ್ಷಣ ಉಪಾಯ ಹೊಳೆಯಿತು. "ಅಪ್ಪಾ, ನಿನ್ನದೊಂದು ಚಿತ್ರ ತೆಗೆಯಲಾ?"

ಅವನು ಟೋಪಿ ಸರಿಮಾಡಿಕೊಂಡು, ಕೆಳಗಿಳಿದು, ಎದೆಯುಬ್ಬಿಸಿ ಗೇಟಿನ ಮುಂದೆ ನಿಂತ. ಕೈಯಲ್ಲಿ ಹಿಡಿದಿದ್ದ ಹಾಳಾದ ಫಿಲಂ ಗಾಳಿಗೆ ಪಟಪಟ ಹಾರುತ್ತಿತ್ತು. ತೆಗೆದೆ. ಉಳಿದದ್ದು ಹನ್ನೊಂದು. ಬಸ್ಸು ಹೊರಟಾಗ ಅವನು ಕಿಟಕಿಯ ಜೊತೆಗೇ ನಾಲ್ಕು ಹೆಜ್ಜೆ ಓಡಿಬಂದು ಕೂಗಿದ: "ಹುಷಾರು ಸಾಮೀ, ಜೋಪಾನವಾಗಿ ಇಟ್ಕೊಳ್ಳಿ! ಬೆಳಕುಗಿಳಕು ತಾಗಿಬಿಟ್ಟಾತು!"

ಅಜ್ಜಿಯ ಸರದಿ

ಬಂಗಾರಪೇಟೆಯಲ್ಲಿ ಬಸ್ಸು ಬದಲಿಸಿ, ಬೂದಿಕೋಟೆಯಲ್ಲಿ ಇಳಿದು, ನೆಲಗಡಲೆ ಕೀಳುತ್ತಿದ್ದ ಹೊಲಗಳ ನಡುವೆ ನಡೆದು ಬೆಟ್ಟದ ಬುಡದ ಹಳ್ಳಿ ಸೇರುವಾಗ ಮಧ್ಯಾಹ್ನ ಇಳಿದಿತ್ತು. ಕೊನೆಯ ಎರಡು ಮೈಲಿ ಮೇಸ್ತ್ರಿಯನ್ನು ಒಬ್ಬ ರೈತನ ಗಾಡಿಯಲ್ಲಿ ಕೂರಿಸಿದೆ. ದೇವಸ್ಥಾನದ ಜಗಲಿಯಲ್ಲಿ ಉಳಿದು ಬೆಳಿಗ್ಗೆ ಹತ್ತುವುದೆಂದು ಲೆಕ್ಕ.

ಜಗಲಿಯಲ್ಲಿ ಕೂತು ಕಾಲು ಚಾಚಿದ್ದೆವೋ ಇಲ್ಲವೋ, ಆ ಊರಿನ ಒಬ್ಬ ಗೃಹಸ್ಥ ಓಡಿಬಂದು ಕೈ ಹಿಡಿದುಕೊಂಡ. "ದೇವ್ರು ಬಂದಂಗೆ ಬಂದ್ರಿ ಸಾಮಿ. ಪಟ ತೆಗೆಯೋರು ಬೇಕಂದ್ರೆ ಬಂಗಾರಪೇಟೆಗೆ ಓಗಿ ಕರ್ಕೊಂಡ್ಬರ್ಬೇಕು. ನಮ್ಮಮ್ಮ ಮೂರು ದಿನದಿಂದ ಮಲಗವ್ಳೆ, ನೀರು ಬಿಟ್ಟು ಏನೂ ಇಳೀತಿಲ್ಲ. ಇವತ್ತೋ ನಾಳೆ ಬೆಳಿಗ್ಗೆಯೋ. ಅಲ್ಲೀಗಂಟ ಇದ್ಬಿಡಿ."

ನಾವು ಬೆಟ್ಟಕ್ಕೆ ಬಂದವರಪ್ಪ ಎಂದೆ.

"ಬೆಟ್ಟ ಎಲ್ಲಿಗೋಯ್ತದೆ ಸಾಮಿ? ಓಗೋಳು ನಮ್ಮಮ್ಮ."

ಅಜ್ಜಿಯ ಕಿವಿಯಲ್ಲಿ ನಾಲ್ಕು ನಾಮವನ್ನಾದರೂ ಹೇಳಿ ಬರೋಣವೆಂದು ಅವನ ಮನೆಗೆ ಹೋದೆವು. ನಡುಮನೆಯಲ್ಲಿ ಆಗಲೇ ಕುರ್ಚಿ ತೊಳೆದು ಇಟ್ಟಿದ್ದರು. ಹೆಣ ವಾಲದಂತೆ ಕುರ್ಚಿಗೆ ಕಟ್ಟಲು ಬಿಳಿಯ ಪಂಚೆ ಪಕ್ಕದಲ್ಲೇ. ನಾನು ಬಾಗಿ "ನಾರಾಯಣಾ" ಎಂದೆ. ಅಜ್ಜಿ ಒಂದು ಕಣ್ಣು ತೆರೆದಳು.

"ಯಾರ್ಲಾ ಇವ್ನು?"

"ಪಟ ತೆಗೆಯೋರು ಕಣಮ್ಮಾ," ಎಂದ ಮಗ.

"ನಂದಾ?"

ಅಜ್ಜಿ ಕುರ್ಚಿ ನೋಡಿದಳು, ಪಂಚೆ ನೋಡಿದಳು. ಇನ್ನೊಂದು ಕಣ್ಣನ್ನೂ ತೆರೆದಳು. "ಸತ್ಮೇಲೆ ತೆಗೆದ್ರೆ ನಾನೆಂಗೆ ನೋಡ್ಲಿ? ಎಬ್ಸಿ ನನ್ನ!"

ಎಬ್ಬಿಸಿದರು. ಅಂಗಳದಲ್ಲಿ ಬಿಸಿಲಿತ್ತು, ಅಲ್ಲಿಗೆ ಕುರ್ಚಿ ಬಂತು. ತಲೆ ಬಾಚಬೇಕೆಂದಳು, ಬಾಚಿದರು. ಮದುವೆಯ ಸೀರೆ ಎಂದಳು, ಪೆಟ್ಟಿಗೆ ತೆಗೆದರು. ಮಗನ ಜೊತೆ ಒಂದು ಚಿತ್ರವಾಯಿತು. ಸೊಸೆಯ ಜೊತೆ ಬೇಡವೆಂದಳು, ಸೊಸೆಯ ಮುಖ ನೋಡಿ ಅದನ್ನೂ ತೆಗೆದೆ. ಮೊಮ್ಮಕ್ಕಳ ಜೊತೆ ಒಂದು. ಹಸುವಿನ ಜೊತೆ ಒಂದು. ಹಸು ತಲೆ ತಿರುಗಿಸಿತೆಂದು ಇನ್ನೊಂದು. ಕೊನೆಗೆ "ನನ್ನೊಬ್ಳುದೇ, ದೊಡ್ಡದಾಗಿ" ಎಂದು ಆರನೆಯದು. ಆರು ಮುಗಿಯುವಷ್ಟರಲ್ಲಿ ಅಜ್ಜಿ ಒಂದು ಲೋಟ ರಾಗಿ ಅಂಬಲಿ ಕುಡಿದು, ಉಪ್ಪು ಕಮ್ಮಿಯಾಯಿತೆಂದು ಸೊಸೆಗೆ ಬೈದಿದ್ದಳು.

ಭಗವಂತನ ಮಹಿಮೆ ಎಂದು ನಾನು ಕೈಮುಗಿದೆ. ಮಗ ನಮ್ಮನ್ನು ಬೀದಿಯ ಕೊನೆಯವರೆಗೆ ಬಿಡಲು ಬಂದ. ನೆಲ ನೋಡುತ್ತ ಹೇಳಿದ: "ನೆಂಟರಿಗೆಲ್ಲ ಯೇಳಿ ಕಳಿಸ್ಬಿಟ್ಟಿದ್ದೆ ಸಾಮಿ. ಈಗ ಅವರಿಗೆ ಏನಂತ ಅನ್ನ ಆಕ್ಲಿ?"

ಮಾತಾಡುವ ಬಂಡೆ

ಉಳಿದದ್ದು ಐದು. ಬೆಳಿಗ್ಗೆ ಹತ್ತತೊಡಗಿದೆವು. ಹತ್ತು ಹೆಜ್ಜೆ ನಡೆದು ಮೇಸ್ತ್ರಿ ಕೂರುವರು, ನಾನು ವಿಷ್ಣುವಿನ ಹತ್ತು ಹೆಸರು ಹೇಳುವೆ, ಅವರು ಏಳುವರು. ಬೆಟ್ಟದ ಮೈಯೆಲ್ಲ ಸೀತಾಫಲದ ಗಿಡ, ಕಾಯಿ ಬಿರಿಯುವ ಕಾಲ. ಕೆಳಗಿನ ಕಣಿವೆಯಿಂದ ಮಂಜು ಎದ್ದು, ಬಂಡೆಗಳ ಸಂದಿಯಲ್ಲಿ ಸಿಕ್ಕಿಕೊಂಡು, ಬಿಸಿಲು ಬಿದ್ದಲ್ಲಿ ಹಾಲಿನ ಹಾಗೆ ಉಕ್ಕುತ್ತಿತ್ತು. ನನ್ನ ಕೈ ತಡೆಯಲಿಲ್ಲ. ಒಂದು ತೆಗೆದೆ. ಇನ್ನೊಂದು ತಿರುವಿನಲ್ಲಿ ಕಪ್ಪು ಕಣಿವೆಯ ಮೇಲೆ ಮೋಡದ ನೆರಳು ಓಡುತ್ತಿತ್ತು. ಅದನ್ನೂ ತೆಗೆದೆ. ಮೂರು.

ಅರ್ಧ ದಾರಿಯಲ್ಲಿ ಒಂದು ಬಂಡೆ ಸಿಕ್ಕಿತು. ಮನೆಯಷ್ಟು ದೊಡ್ಡದು, ಒಂದು ಚೂಪಿನ ಮೇಲೆ ಈಗಲೋ ಆಗಲೋ ಎನ್ನುವಂತೆ ಕೂತಿತ್ತು. ಅದರ ನೆರಳಿನಲ್ಲಿ ಸೀತಾಫಲ ಆರಿಸಲು ಬಂದ ಇಬ್ಬರು ಹೆಂಗಸರು ಮುದ್ದೆ ಬಿಚ್ಚಿ ಊಟಕ್ಕೆ ಕೂತಿದ್ದರು.

"ಮೇಸ್ತ್ರಿ, ಇದರ ಕೆಳಗೆ ನಿಂತುಬಿಡಿ. ಇದಕ್ಕಿಂತ ಒಳ್ಳೆಯ ಜಾಗ ಸಿಗುವುದಿಲ್ಲ."

ಮೇಸ್ತ್ರಿ ಹತ್ತಿರ ಹೋದರು. ಊರುಗೋಲಿನ ಕಬ್ಬಿಣದ ತುದಿಯಿಂದ ಬಂಡೆಯನ್ನು ಟಣ್ ಎಂದು ಬಡಿದು, ಕಿವಿ ಕೊಟ್ಟು ಕೇಳಿದರು. ಎರಡು ಮೊಳ ಸರಿದು ಮತ್ತೆ ಬಡಿದರು, ಈ ಸಲ ಬೊದ್ ಎಂದಿತು. ಗಣಿಯೊಳಗೆ ಶಿಫ್ಟು ಶುರುವಾಗುವ ಮುಂಚೆ ತಲೆಯ ಮೇಲಿನ ಕಲ್ಲನ್ನು ಹಾಗೇ ಬಡಿದು ನೋಡುತ್ತಾರಂತೆ. ಗಟ್ಟಿ ಕಲ್ಲು ಗಂಟೆಯ ಹಾಗೆ ಕೇಳುತ್ತದೆ, ಕಳಚಿ ಬೀಳುವ ಕಲ್ಲು ಒಡಕು ಮಡಕೆಯ ಹಾಗೆ.

"ಇದು ಮಾತಾಡ್ತೈತೆ ಸಾಮಿ. ಇದರ ಕೆಳಗೆ ನಾನು ನಿಲ್ಲಾಕಿಲ್ಲ."

"ಅಯ್ಯೋ ಮೇಸ್ತ್ರಿ! ಸೃಷ್ಟಿಯಾದಾಗಿನಿಂದ ಹೀಗೇ ಕೂತಿದೆ ಇದು."

"ನಮ್ಮ ಗಣಿ ಸಾಯಬ್ರೂ ಅಂಗೇ ಅಂದಿದ್ರು. ಬಂಡೆ ಗಟ್ಟಿ ಐತೆ, ಒಳಗೋಗಿ ಅಂತ. ಅವರು ಮೇಲಿದ್ರು." ಸ್ವಲ್ಪ ಹೊತ್ತು ಕೆಮ್ಮಿದರು. "ನಾನು ಟೀ ಕುಡಿಯಕ್ಕೆ ಅಂತ ಇಂದಕ್ಕೆ ಬಂದಿದ್ದೆ. ಮಿಕ್ಕ ನಾಲ್ಕು ಜನಾನ ತೆಗಿಯಕ್ಕೆ ಎರಡು ದಿನ ಆಯ್ತು."

ಆ ನಾಲ್ವರ ಚಿತ್ರ ನಾನೇ ತೆಗೆದಿದ್ದೆ. ಕುರ್ಚಿಯಲ್ಲಿ ಕೂರಿಸಲು ಆಗುವಂತಿರಲಿಲ್ಲ.

ಬಂಡೆಯೊಂದನ್ನೇ ಎರಡು ಕಡೆಯಿಂದ ತೆಗೆದೆ. ಆಮೇಲೆ ಎಣಿಸಿ ನೋಡಿದೆ: ಉಳಿದದ್ದು ಒಂದೇ ಒಂದು. ಅದು ಮೇಸ್ತ್ರಿಯದು, ಬೆಟ್ಟ ಉರುಳಿದರೂ ಅವರದೇ ಎಂದು ಮನಸ್ಸಿನಲ್ಲೇ ಆಣೆಯಿಟ್ಟೆ.

ಅಷ್ಟರಲ್ಲಿ ನೆರಳಿನಲ್ಲಿದ್ದ ಹೆಂಗಸರು ಎದ್ದು, ಬುತ್ತಿ ಎತ್ತಿಕೊಂಡು, ಸುಡುವ ಬಿಸಿಲಿನಲ್ಲಿ ಹೋಗಿ ಕೂತಿದ್ದರು. ಹಿರಿಯವಳು ನಮ್ಮ ಕಡೆ ತಿರುಗಿ ಕೂಗಿದಳು: "ಇಪ್ಪತ್ತು ವರ್ಷದಿಂದ ನೆಮ್ಮದಿಯಾಗಿ ಉಣ್ತಿದ್ದೆ ಕಣಪ್ಪೋ! ನಿನ್ನ ಕೋಲು ಮುರಿದೋಗ!"

ಹನ್ನೆರಡನೆಯದು

ತುದಿ ಸೇರುವಾಗ ಬಿಸಿಲು ನೆತ್ತಿ ದಾಟಿತ್ತು. ಕೊನೆಯ ಬಂಡೆಯನ್ನು ಮೇಸ್ತ್ರಿ ಕೈಕಾಲು ಊರಿ ಹತ್ತಿದರು. ಗಾಳಿ ಎಳೆದುಕೊಂಡರು, ಬಿಟ್ಟರು. ಸುತ್ತ ಎಲ್ಲಿ ನೋಡಿದರೂ ಆನೆಯ ಬೆನ್ನಿನಂಥ ಬೆಟ್ಟಗಳ ಸಾಲು, ಆಂಧ್ರದವರೆಗೆ. ಇನ್ನೊಂದು ದಿಕ್ಕಿನಲ್ಲಿ, ಬಹಳ ದೂರದಲ್ಲಿ, ಬೂದು ಬಣ್ಣದ ಒಂದು ಚಪ್ಪಟೆ ಗುಡ್ಡ ಹೊಳೆಯುತ್ತಿತ್ತು.

"ಅದ್ಯಾವ ಬೆಟ್ಟ ಸಾಮಿ?"

"ಗುರುತು ಸಿಗಲಿಲ್ಲವಾ ಮೇಸ್ತ್ರಿ? ಅದು ನಮ್ಮೂರಿನ ಸೈನೈಡ್ ಗುಡ್ಡ. ನೀವೆಲ್ಲ ಕೆಳಗಿನಿಂದ ತೆಗೆದು ಕಳಿಸಿದ ಕಲ್ಲಿನ ಪುಡಿ, ಚಿನ್ನ ಸೋಸಿಕೊಂಡು ಸುರಿದಿದ್ದು."

ಅವರು ಕೈ ಅಡ್ಡ ಹಿಡಿದು ನೋಡಿದರು. "ಅಷ್ಟೊಂದು ತೆಗೆದ್ವಾ?" ಎಂದರು. ಆಮೇಲೆ, "ಯಾರೂ ಯೇಳ್ಲೇ ಇಲ್ವಲ್ಲ" ಎಂದರು.

ನಾನು ಕ್ಯಾಮೆರಾದ ಕಣ್ಣಿನ ಮುಚ್ಚಳ ತೆಗೆದೆ. ಮೇಸ್ತ್ರಿ ತಲೆಗೆ ಸುತ್ತಿದ್ದ ಟವೆಲು ಬಿಚ್ಚಿ, ಅಂಗಿಯ ಗುಂಡಿ ಹಾಕಿಕೊಂಡು, ತುದಿಯ ಬಂಡೆಯ ಮೇಲೆ ನಿಂತರು. ನಾಲ್ಕು ಹೆಜ್ಜೆ ದೂರದಿಂದ ತೆಗೆದಿದ್ದರೆ ಮುಗಿದುಹೋಗುತ್ತಿತ್ತು. ಇಲ್ಲಿ ನನ್ನ ಪಾಪವನ್ನು ಹೇಳಿಕೊಳ್ಳಬೇಕು. ಕ್ಯಾಮೆರಾದ ಗಾಜಿನಲ್ಲಿ ನೋಡುತ್ತಿದ್ದೆ, ಅವರ ಭುಜದ ಪಕ್ಕದಲ್ಲಿ ಒಂದು ಮೋಡ ಬಂತು. ಅದನ್ನೂ ಸೇರಿಸೋಣವೆಂದು ಎರಡು ಹೆಜ್ಜೆ ಹಿಂದೆ ಹೋದೆ. ಮೋಡದ ಕೆಳಗೆ ಬೆಟ್ಟದ ಸಾಲು ಬಂತು. ಇನ್ನೈದು ಹೆಜ್ಜೆ. ಪಕ್ಕದ ಬಂಡೆ ಏರಿದರೆ ಕಣಿವೆಯೂ ಬರುತ್ತಿತ್ತು. ಇಳಿದು, ದಾಟಿ, ಏರಿದೆ. ಹತ್ತು ವರ್ಷದ ಹಸಿವು; ಅದು ಹಿಂದೆ ಹಿಂದೆ ಎಳೆಯಿತು, ನಾನು ಹೋದೆ. ಕೃಷ್ಣ ಕೃಷ್ಣ ಎನ್ನುತ್ತಲೇ ಹೋದೆ.

"ಸಾಮೀ, ಕಾಣ್ತಿದೀನಾ?" ಎಂದು ದೂರದಿಂದ ಮೇಸ್ತ್ರಿ ಕೂಗಿದರು.

ಗಾಜಿನಲ್ಲಿ ಅವರು ರಾಗಿಕಾಳಿನಷ್ಟಿದ್ದರು. "ಕಾಣ್ತಿದೀರಿ!" ಎಂದೆ. ಅದು ಸುಳ್ಳಲ್ಲ, ಅದಕ್ಕೇ ಇನ್ನೂ ಚುಚ್ಚುತ್ತದೆ. ಒತ್ತಿದೆ. ಹನ್ನೆರಡೂ ಮುಗಿದವು.

ತಿರುಗಿ ಬಂದಾಗ ಅವರು ಬಂಡೆಯ ಮೇಲೆ ಕುಸಿದು ಕೂತಿದ್ದರು. "ಪಾಸಿನ ಚಿತ್ರಕ್ಕೆ ನಗಬೇಡ ಅಂದಿದ್ರು ಸಾಮಿ. ಇವತ್ತು ಪೂರಾ ನಕ್ಕಿದೀನಿ. ಅಷ್ಟೊತ್ತು ನಗ್ತಾ ನಿಂತು ದವಡೆ ನೋಯ್ತೈತೆ."

ಗೋಡೆಯ ಮೇಲೆ

ಚಿತ್ರ ತೊಳೆದು ನೋಡಿದರೆ, ನನ್ನ ಜೀವಮಾನದಲ್ಲೇ ಅಂಥದ್ದು ಬಂದಿರಲಿಲ್ಲ. ಮೋಡ, ಬೆಟ್ಟದ ಸಾಲು, ಕಣಿವೆಯ ನೆರಳು. ಮೇಸ್ತ್ರಿಯ ಮನೆಗೆ ನಾನೇ ಒಯ್ದೆ. ಹೆಂಡತಿ ಬಾಗಿಲ ಬೆಳಕಿಗೆ ಹಿಡಿದು ನೋಡಿದಳು, ತಿರುಗಿಸಿ ನೋಡಿದಳು.

"ಇವರೆಲ್ಲಿ?"

ಮೇಸ್ತ್ರಿ ಬೆರಳಿಟ್ಟು ತೋರಿಸಿದರು. ಬೆರಳಿಟ್ಟಾಗ ಅವರು ಮುಚ್ಚಿಹೋದರು, ಬೆರಳು ತೆಗೆದರೆ ಹೆಂಡತಿಗೆ ಜಾಗ ತಪ್ಪಿಹೋಗುತ್ತಿತ್ತು. ನಾನು ತಲೆ ತಗ್ಗಿಸಿ ನಿಂತಿದ್ದೆ. ದೊಡ್ಡದು ಮಾಡಿ ನೋಡಿದ್ದೆ. ಮುಖ ಬರಲಿಲ್ಲ, ಮರಳಿನಂಥ ಚುಕ್ಕೆಗಳು ಬಂದವು. ಸ್ಟುಡಿಯೋಗೆ ಬನ್ನಿ ಮೇಸ್ತ್ರಿ, ಇನ್ನೊಂದು ತೆಗೆಯುತ್ತೇನೆ ಎಂದು ಬೇಡಿಕೊಂಡೆ.

"ಬಟ್ಟೆ ಮುಂದೆ ಬೇಡ ಸಾಮಿ," ಎಂದರು. ನನ್ನ ಮುಖ ನೋಡಿ ಅವರಿಗೇ ಪಾಪ ಎನ್ನಿಸಿರಬೇಕು. "ಬೆಟ್ಟ ಮಾತ್ರ ಬಲು ಚೆನ್ನಾಗಿ ಬಂದೈತೆ."

ಅವರು ಆ ಚಳಿ ದಾಟಲಿಲ್ಲ. ಸಂಕ್ರಾಂತಿಗೆ ಮುಂಚೆಯೇ ಹೋದರು. ನಾನು ಕ್ಯಾಮೆರಾ ತೆಗೆದುಕೊಂಡು ಓಡಿದೆ, ಈಗಲಾದರೂ ಹತ್ತಿರದಿಂದ ತೆಗೆಯೋಣವೆಂದು. ಅವರ ಹೆಂಡತಿ ಬಾಗಿಲಲ್ಲೇ ತಡೆದಳು.

"ಬೇಡ ಸಾಮಿ. ಕೂತಿರೋದು ಬೇಡ. ನಿಂತಿರೋದು ಒಂದೈತೆ."

ಹದಿಮೂರನೆಯ ದಿನ ಬೆಟ್ಟದ ಚಿತ್ರಕ್ಕೆ ಕಟ್ಟು ಹಾಕಿಸಿ, ಗೋಡೆಗೆ ಮೊಳೆ ಹೊಡೆದು, ಹಾರ ಹಾಕಿದಳು. ತೀರಿಕೊಂಡವರ ಪಟಕ್ಕೆ ಹಣೆಗೆ ಕುಂಕುಮ ಇಡುವುದು ಪದ್ಧತಿ. ಹಣೆ ಎಲ್ಲಿದೆ? ಅಂದಾಜಿನ ಮೇಲೆ ಇಟ್ಟಳು. ಮೇಸ್ತ್ರಿ ಪೂರಾ ಕುಂಕುಮದೊಳಗೆ ಹೋದರು. ದಿನಾ ಎಣ್ಣೆದೀಪ, ದಿನಾ ಒಂದು ಬೊಟ್ಟು. ಎರಡು ತಿಂಗಳಲ್ಲಿ ಬೆಟ್ಟದ ತುದಿಯಲ್ಲಿ ಕಡಲೆಕಾಳಿನಷ್ಟು ಕೆಂಪು ಗುಂಡು ಎದ್ದಿತ್ತು.

ಬಂದುಹೋಗುವವರು ಅದನ್ನು ನೋಡಿದರು: ದೊಡ್ಡ ಬೆಟ್ಟ, ತುದಿಯಲ್ಲಿ ಕುಂಕುಮ, ಹಾರ, ದೀಪ. ಯಾವುದೋ ಕ್ಷೇತ್ರ ಎಂದುಕೊಂಡು ಚಪ್ಪಲಿ ಬಿಟ್ಟು ಕೈಮುಗಿದರು. ಆಕೆ ತಿದ್ದಲಿಲ್ಲ. ನಾನು ಒಮ್ಮೆ ಕೇಳಿದೆ, "ಅಕ್ಕಾ, ಜನ ದೇವರು ಅಂದುಕೊಂಡಿದ್ದಾರಲ್ಲ?"

"ಅಂದ್ಕೊಳ್ಳಲಿ ಬಿಡಿ ಸಾಮಿ. ಬದುಕಿದ್ದಾಗ ಯಾರೂ ಇವರಿಗೆ ಎದ್ದು ನಿಂತಿಲ್ಲ."

ಪಕ್ಕದ ಲೈನಿನ ಒಬ್ಬ ಹೆಂಗಸು ಆ ಪಟಕ್ಕೆ ಹರಕೆ ಹೊತ್ತಳು. ಮೂರು ವಾರದಲ್ಲಿ ಮಗಳ ಮದುವೆ ಗೊತ್ತಾಯಿತು. ನೆಗೆಟಿವು ನನ್ನ ಹತ್ತಿರ ಇದೆಯೆಂದು ತಿಳಿದು ಸ್ಟುಡಿಯೋಗೆ ಬಂದು, ಅದೇ ಸ್ವಾಮಿಯ ಪಟ ತನಗೂ ಬೇಕೆಂದಳು. ನನಗೆ ಇಲ್ಲವೆನ್ನಲು ನಾಲಿಗೆ ಏಳಲಿಲ್ಲ. ಒಂದು ಹೊಸ ಪ್ರತಿ ಹಾಕಿಕೊಟ್ಟೆ.

ಮಾರನೆಯ ದಿನವೇ ಪಟ ಹಿಡಿದು ತಿರುಗಿ ಬಂದಳು. "ಏನ್ಸಾಮಿ ಇಂಗೆ ಮಾಡಿದೀರ? ತುದೀಲಿ ನೊಣ ಕೂತಂಗೆ ಕೊಳೆ ಐತೆ. ಉಗುಳು ಆಕಿ ಒರೆಸ್ದೆ, ಓಗ್ಲಿಲ್ಲ. ಒಳ್ಳೇದು ಆಕ್ಕೊಡಿ."

"ಅದು ಕೊಳೆಯಲ್ಲ ತಾಯಿ," ಎಂದೆ. "ನೀವು ಹರಕೆ ಹೊತ್ತಿದ್ದು ಅವರಿಗೇ."

ಅವಳು ಗಾಬರಿಯಿಂದ ಪಟವನ್ನು ಮೂಗಿನ ಹತ್ತಿರ ಹಿಡಿದಳು. ಕಣ್ಣು ಕಿರಿದು ಮಾಡಿದಳು. ಉಗುಳಿನಲ್ಲಿ ಒರೆಸಿದ್ದಕ್ಕೆ ಎರಡೂ ಕೆನ್ನೆಗೆ ಮೆಲ್ಲಗೆ ಬಡಿದುಕೊಂಡಳು. ಆಮೇಲೆ ಸ್ವಲ್ಪ ಸಿಟ್ಟಿನಿಂದಲೇ ನನ್ನನ್ನು ಕೇಳಿದಳು:

"ಇಷ್ಟೇ ಇಷ್ಟು ದೇವ್ರಿಗೆ ಅಷ್ಟು ದೊಡ್ಡ ಬೆಟ್ಟ ಯಾಕ್ಸಾಮಿ ಬೇಕಿತ್ತು?"

ಇಷ್ಟು ಹೊತ್ತು ಕೂತು ಕೇಳಿದ ನಿಮ್ಮೆಲ್ಲರ ಎದೆಗೆ ಗಾಳಿ ಧಾರಾಳವಾಗಿ ಇಳಿಯಲಿ. ನಿಮ್ಮ ಪಟ ಗೋಡೆಗೇರುವ ದಿನ ಬಹಳ ಬಹಳ ತಡವಾಗಿ ಬರಲಿ. ಬಂದ ದಿನ ತೆಗೆಯುವವನಿಗೆ ನಿಮ್ಮ ಹತ್ತಿರ ನಿಲ್ಲುವ ಬುದ್ಧಿಯನ್ನು ಆ ತಿಮ್ಮಪ್ಪ ಕೊಡಲಿ.